ನಮ್ಮ ಕಾಲುವೆಯಲ್ಲಿ ನಿಮ್ಮ ಬೀಗ

ಮಾನ್ಯ ಕುಲಪತಿಗಳೇ,

ನನಗೆ ಮದುವೆಯಾಯಿತು! ಕಳೆದ ತಿಂಗಳು, ಜೌಗು ಸೀಮೆಯ ಪುಟ್ಟ ಇಟ್ಟಿಗೆ ಚರ್ಚಿನಲ್ಲಿ, ಜಗತ್ತಿನ ಅತಿ ಚೆಂದದ ಮತ್ತು ಅತಿ ಕಡಿಮೆ ಮಾತಿನ ಗಂಡಸಿನ ಜೊತೆ. ಈ ಸಂತೋಷವನ್ನು ನಾನು ಬಸ್ಸಿನ ಡ್ರೈವರಿಗೂ ಹಲ್ಲಿನ ಡಾಕ್ಟರಿಗೂ ಹೇಳಿಯಾಗಿದೆ. ನಿಮಗೆ ಮಾತ್ರ ದಿನಪತ್ರಿಕೆಯಲ್ಲಿ, ಎಲ್ಲರ ಮುಂದೆ ಹೇಳುತ್ತಿದ್ದೇನೆ. ಏಕೆಂದರೆ ಈ ಮದುವೆಗೆ ಕಾರಣ ನಿಮ್ಮ ವಿಶ್ವವಿದ್ಯಾಲಯ. ನಮ್ಮ ಬಾಗಿಲಿಗೆ ಹಸಿರು ಕಮಾನು ಕಟ್ಟಲು ಒಬ್ಬ ನೆರೆಯವರೂ ಬಾರದಿದ್ದುದಕ್ಕೂ ಕಾರಣ ನಿಮ್ಮ ವಿಶ್ವವಿದ್ಯಾಲಯವೇ. ಮೊದಲನೆಯದಕ್ಕೆ ಮನಸಾರೆ ಧನ್ಯವಾದ. ಎರಡನೆಯದಕ್ಕೆ ಉತ್ತರ ಬೇಕು.

ಹೋದ ವಾರ ನಿಮ್ಮ ಪ್ರಚಾರ ವಿಭಾಗದಿಂದ ಒಂದು ಸಿಹಿಯಾದ ಧ್ವನಿ ಫೋನ್ ಮಾಡಿತು. ಹಳೆಯ ವಿದ್ಯಾರ್ಥಿಗಳ ಪತ್ರಿಕೆಗೆ ನಮ್ಮ ಮದುವೆಯ ಫೋಟೋ ಬೇಕಂತೆ. ವಿಶ್ವವಿದ್ಯಾಲಯವೂ ಸಮುದಾಯವೂ ಕೈ ಹಿಡಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲವಂತೆ. ನಿಮ್ಮ ಯೋಜನೆಯ ವಿದ್ಯಾರ್ಥಿನಿಯಾಗಿ ಹೊಸ ಬೂಟು ಹಾಕಿಕೊಂಡು ಬಂದವಳು, ನೀರಿನ ಮಟ್ಟ ಅಳೆಯುವ ಕೊಳವೆಯ ಪಕ್ಕದಲ್ಲೇ ಸೊಂಟದವರೆಗೆ ಹೂತುಹೋದೆ. ಎಳೆದು ಮೇಲೆ ಹಾಕಿದವನು ಹಾಬೋ, ಆ ಹೊಲದ ಒಡತಿ ತೇಡಾ ಅವರ ಮಗ, ಈಗ ನನ್ನ ಗಂಡ. ಚೆಂದದ ಕಥೆ, ಒಪ್ಪುತ್ತೇನೆ. ಆದರೆ ಅದರ ಉಳಿದ ಭಾಗವನ್ನು ಆ ಧ್ವನಿ ಕೇಳಲಿಲ್ಲ. ಹೇಳಹೊರಟಾಗ ಇನ್ನೊಂದು ಸಭೆಗೆ ಹೊತ್ತಾಯಿತು ಎಂದಿತು. ನಿಮಗೆ ಹೊತ್ತಿದೆ ಎಂದು ನಂಬಿ ಇಲ್ಲಿ ಹೇಳುತ್ತೇನೆ.

ಉತ್ತರ ಕರಾವಳಿಯ ಪೂರ್ವ ಫ್ರೀಸಿಯಾ ಸೀಮೆಯ ಈ ಊರು ನಿಂತಿರುವುದು ಕಪ್ಪು ಜೌಗಿನ ಮೇಲೆ, ನೀರಿನಡಿ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಉಳಿದ ಗಿಡಗಳ ಮಣ್ಣಿನ ಮೇಲೆ. ಹಿಂದಿನವರು ಕಾಲುವೆ ತೋಡಿ, ನೀರು ಬಸಿದು, ಹುಲ್ಲುಗಾವಲು ಮಾಡಿಕೊಂಡರು. ಒಣಗಿದ ಜೌಗು ಗಾಳಿಗೆ ತೆರೆದುಕೊಂಡು ನಿಧಾನವಾಗಿ ಉರಿದುಹೋಗುತ್ತದೆ. ನೆಲ ಕುಸಿಯುತ್ತದೆ, ಹೊಗೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ನನ್ನ ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗ ಹೊಸಿಲು ಅಂಗಳಕ್ಕೆ ಸಮವಾಗಿತ್ತಂತೆ. ನಾನು ಮೆಟ್ಟಿಲು ಹತ್ತಿ ಒಳಗೆ ಬಂದೆ. ನೀರನ್ನು ಮತ್ತೆ ಏರಿಸಿದರೆ ಮಾತ್ರ ಈ ನೆಲ ಉಳಿಯುತ್ತದೆ ಎಂದು ನಿಮ್ಮವರು ಹೇಳಿದರು. ಅದು ಸುಳ್ಳಲ್ಲ. ನಿಮ್ಮವರು ಸುಳ್ಳುಗಾರರಾಗಿದ್ದರೆ ನನಗೆ ಈ ಪತ್ರ ಬರೆಯುವುದು ಎಷ್ಟೋ ಸುಲಭವಾಗುತ್ತಿತ್ತು.

ಅದಕ್ಕಾಗಿ ಒಂದು ಯೋಜನೆ ಬಂತು. ಜ್ಞಾನಶಿಸ್ತುಗಳ ನಡುವಿನ ಗೋಡೆ ಒಡೆಯುವ, ಸುಸ್ಥಿರ, ಸಮುದಾಯದೊಂದಿಗಿನ ಸಹಸಂಶೋಧನೆ ಎಂದು ಅದರ ಹೆಸರು. ಉಸಿರು ಗಟ್ಟಿಯಿದ್ದವರು ಒಂದೇ ಸಲಕ್ಕೆ ಹೇಳಬಹುದು. ಮಣ್ಣಿನವರು, ನೀರಿನವರು, ಸಮಾಜಶಾಸ್ತ್ರದವರು, ಒಬ್ಬ ಕಲಾವಿದ, ಎಲ್ಲರೂ ಊರಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಕೂತು, ನಾವು ಕಲಿಸಲು ಬಂದಿಲ್ಲ, ಜೊತೆಗೆ ಕಲಿಯಲು ಬಂದಿದ್ದೇವೆ ಎಂದರು. ಪ್ರಯೋಗಕ್ಕೆ ಹೊಲ ಕೊಡುವವರು ಯಾರು ಎಂದಾಗ ಯಾರೂ ಕೈ ಎತ್ತಲಿಲ್ಲ. ಕೊನೆಗೆ ತೇಡಾ ಎದ್ದು ತಮ್ಮ ಹೊಲ ಕೊಟ್ಟರು. ಪಕ್ಕದ ಹೊಲದ ಫೋಲ್ಕರ್ಟ್ ಹಸು ಸಾಕುವವರು. ಅವರ ಹುಲ್ಲುಗಾವಲು ಇನ್ನೂ ತಗ್ಗು. ಅವರು ಕೇಳಿದ್ದು ಒಂದೇ: ನೀರು ನನ್ನ ಕಡೆ ಉಕ್ಕಿದರೆ ಯಾರು ನೋಡಿಕೊಳ್ಳುತ್ತಾರೆ? ಯೋಜನೆಯ ಮುಖ್ಯಸ್ಥರಾದ ನಿಮ್ಮ ಪ್ರಾಧ್ಯಾಪಕರು ಎದೆ ಮುಟ್ಟಿಕೊಂಡು, ನಾವು, ಎಂದರು. ಕಾಲುವೆಗೆ ಅಡ್ಡಕಟ್ಟೆ ಬಂತು. ಅದರಲ್ಲಿ ಏರಿಸಿದರೆ ನೀರು ತಡೆಯುವ, ಇಳಿಸಿದರೆ ನೀರು ಬಿಡುವ ಹಲಗೆ. ಹಲಗೆಗೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಬೀಗ, ಬೀಗದ ಮೇಲೆ ನಿಮ್ಮ ಲಾಂಛನ.

ಇಲ್ಲಿ ಕಾಲುವೆ ಎಂದರೆ ಬರೀ ನೀರಲ್ಲ ಎಂಬುದು ನಿಮಗೆ ಗೊತ್ತಿರಬೇಕಾಗಿತ್ತು. ಪ್ರತಿ ನವೆಂಬರಿನ ಮೊದಲ ಶನಿವಾರ ಹೊಲವಿದ್ದವರೆಲ್ಲ ಸನಿಕೆ ಹಿಡಿದು ಕಾಲುವೆಗಳ ದಂಡೆಯ ಮೇಲೆ ಸಾಲಾಗಿ ನಡೆಯುತ್ತಾರೆ. ಒಬ್ಬೊಬ್ಬರ ಕಾಲುವೆ ಬಂದಾಗ ಅವರು ಮುಂದೆ ಬಂದು ನಿಲ್ಲುತ್ತಾರೆ. ಹೂಳು ತೆಗೆದಿದ್ದರೆ ಹಿರಿಯರು ತಲೆಯಾಡಿಸುತ್ತಾರೆ, ಇಲ್ಲದಿದ್ದರೆ ಕೇಳುತ್ತಾರೆ. ಕಾಲುವೆಯಲ್ಲಿ ಕೈಯಾಡಿಸಿದವರು ಬೇರೆಯವರಾಗಿದ್ದರೆ ಅವರೇ ನಿಂತು, ಇದು ನನ್ನ ಕೆಲಸ ಎನ್ನಬೇಕು. ಪ್ರತಿನಿಧಿ ಆಗದು, ಕಾಗದ ಆಗದು. ಯೋಜನೆ ನಡೆದಷ್ಟು ವರ್ಷ ನಿಮ್ಮ ಪ್ರಾಧ್ಯಾಪಕರು ಬಂದರು, ನಿಂತರು, ಹೇಳಿದರು. ಆಮೇಲೆ ಅತ್ತೆಯ ಅಡುಗೆಮನೆಯಲ್ಲಿ ಕಲ್ಲುಸಕ್ಕರೆ ಚಿಟಿಗುಟ್ಟುವ ಚಹಾವನ್ನು ಇಲ್ಲಿಯ ಮರ್ಯಾದೆಯಂತೆ ಮೂರು ಬಟ್ಟಲು ಕುಡಿದೇ ಎದ್ದರು. ಅವರನ್ನು ನಾನು ದೂರುವುದಿಲ್ಲ. ಯೋಜನೆಯ ಅವಧಿ ಮುಗಿಯಿತು, ದಕ್ಷಿಣದಲ್ಲಿ ದೊಡ್ಡ ಹುದ್ದೆ ಸಿಕ್ಕಿತು, ಹೋದರು. ಅವರ ಜಾಗಕ್ಕೆ ಯಾರು ಎಂದು ನಿಮ್ಮ ಕಚೇರಿಯನ್ನು ಕೇಳಿದೆ. ಆ ನಡಿಗೆ ಯೋಜನೆಯ ಲೆಕ್ಕಪತ್ರದಲ್ಲಿ ಸಾಂಸ್ಕೃತಿಕ ಚಟುವಟಿಕೆಗಳ ವಿಭಾಗದಲ್ಲಿ ಇತ್ತಂತೆ. ಯೋಜನೆ ಮುಗಿದಾಗ ಅದೂ ಮುಗಿಯಿತಂತೆ. ಕುಲಪತಿಗಳೇ, ನ್ಯಾಯಾಲಯವನ್ನು ನಾಟಕ ಎಂದುಕೊಂಡು ಪರದೆ ಎಳೆದವರು ನೀವೇ ಮೊದಲಿಗರಿರಬೇಕು.

ಕಳೆದ ವರ್ಷದ ನಡಿಗೆಯಲ್ಲಿ ಅತ್ತೆ ಒಬ್ಬರೇ ಕಟ್ಟೆಯ ಬಳಿ ನಿಂತರು. ಆಗಿನ್ನೂ ನಾನು ಸೊಸೆಯಲ್ಲ. ಹಿಂದೆ, ಹಾಬೋ ಪಕ್ಕದಲ್ಲಿದ್ದೆ. ಅತ್ತೆ ನೀವು ಕಳಿಸಿದ ಪತ್ರವನ್ನು ಹಿರಿಯರ ಕೈಗಿಟ್ಟರು. ಒಳ್ಳೆಯ ದಪ್ಪ ಕಾಗದ. ಸಹಭಾಗಿತ್ವಕ್ಕೆ ಕೃತಜ್ಞತೆ ಇತ್ತು, ಭವಿಷ್ಯದ ದೃಷ್ಟಿ ಇತ್ತು. ಹಿರಿಯರು ಓದದೆ ಮಡಚಿ ಜೇಬಿಗೆ ಹಾಕಿಕೊಂಡರು.

“ಇದು ನಡ್ಕೊಂಡು ಬಂತಾ, ತೇಡಾ?”

“ಇಲ್ಲ.”

“ಮತ್ತೆ ಇದಕ್ಕೆ ಏನು ಕೇಳ್ಲಿ ನಾನು?”

ಯಾರೋ ನಕ್ಕರು. ಅತ್ತೆ ನಗಲಿಲ್ಲ. ಅವರು ಬರುತ್ತಾರೆ, ಮಾತು ಕೊಟ್ಟಿದ್ದಾರೆ ಎಂದಷ್ಟೇ ಹೇಳಿದರು. ಹಿರಿಯರು ಒಂದು ವರ್ಷ ಬಿಟ್ಟರು. ಮುಂದಿನ ನಡಿಗೆಗೆ ಕಟ್ಟೆ ಕಟ್ಟಿದವರು ಇಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಸನಿಕೆಗಳು ಎಲ್ಲರ ಕೈಯಲ್ಲೇ ಇರುತ್ತವೆ, ಕಟ್ಟೆ ಅಂದೇ ಹೋಗುತ್ತದೆ, ಕಾಲುವೆ ಕೆಡಿಸಿದವಳೆಂಬ ಮಾತು ತೇಡಾ ಅವರ ಹೆಸರಿಗೆ ಉಳಿಯುತ್ತದೆ.

ಜನವರಿಯಲ್ಲಿ ಮಳೆ ಹಿಡಿಯಿತು. ನೀರು ಬಿಡಲು ಹಲಗೆ ಇಳಿಸಬೇಕು, ಬೀಗದ ಕೈ ನಿಮ್ಮಲ್ಲಿ. ಅತ್ತೆ ಫೋನ್ ಮಾಡಿದರು. ಯೋಜನೆಯ ಸ್ವತ್ತುಗಳು ಹಸ್ತಾಂತರದ ಪ್ರಕ್ರಿಯೆಯಲ್ಲಿವೆ ಎಂದು ತಿಳಿಯಿತು. ಹಾಬೋ ಬೀಗ ಕತ್ತರಿಸುತ್ತೇನೆ ಎಂದ. ನಿಮ್ಮವರು ಬಂದೇ ಬರುತ್ತಾರೆಂದು ಅತ್ತೆ ಒಂದು ದಿನ ತಡೆದರು. ಮರುದಿನ ಬೆಳಿಗ್ಗೆ ಫೋಲ್ಕರ್ಟ್ ಅವರ ಹುಲ್ಲುಗಾವಲು ಕೆರೆಯಾಗಿತ್ತು. ಚೊಚ್ಚಲ ಗಬ್ಬದ ಪಡ್ಡೆ ಹಸುವೊಂದು ಕೆಸರಿನಲ್ಲಿ ಹೂತು ಸತ್ತಿತ್ತು. ತಲೆಯನ್ನು ಮಾತ್ರ ಎತ್ತಿಕೊಂಡಿತ್ತು, ನಮ್ಮ ಕಡೆಗೆ. ಆಗ ಹಾಬೋ ಬೀಗ ಕತ್ತರಿಸಿದ. ಆ ದಪ್ಪ ಕಾಗದದ ನಂತರ ವಿಶ್ವವಿದ್ಯಾಲಯದಿಂದ ಬಂದ ಮೊದಲ ಪತ್ರ ಆ ಬೀಗದ ಬಗ್ಗೆ. ಸಂಶೋಧನಾ ಸ್ವತ್ತಿಗೆ ಧಕ್ಕೆ ತಂದದ್ದಕ್ಕೆ ವಿವರಣೆ ಕೇಳಿತ್ತು. ಪಡ್ಡೆಯ ಬಗ್ಗೆ ಯಾರೂ ವಿವರಣೆ ಕೇಳಲಿಲ್ಲ. ಅದರ ಮೇಲೆ ನಿಮ್ಮ ಲಾಂಛನ ಇರಲಿಲ್ಲವಲ್ಲ. ಹೊಸ ಬೀಗ ಹಾಕಲು ಮಾತ್ರ ಒಬ್ಬರು ಬಂದರು. ಬೀಗದ ಕೈಯನ್ನು ಜೊತೆಗೇ ತೆಗೆದುಕೊಂಡು ಹೋದರು.

ಫೋಲ್ಕರ್ಟ್ ಅಂದು ಕಾಲುವೆಯ ಆಚೆ ದಡಕ್ಕೆ ಬಂದು ನಿಂತರು. ಬಯ್ಯುತ್ತಾರೆಂದು ನಾನು ಕಾದೆ. ಈ ಸೀಮೆಯಲ್ಲಿ ಬಯ್ದರೆ ಒಳ್ಳೆಯದು, ಸಂಜೆಗೆ ಸರಿಹೋಗುತ್ತದೆ.

“ನಿನ್ನ ಮೇಲೆ ನಂಗೆ ಸಿಟ್ಟಿಲ್ಲ, ತೇಡಾ. ನಿನ್ನ ನೀರಿನ ಮೇಲೆ.”

“ನೀರು ನಂದಲ್ಲ, ಫೋಲ್ಕರ್ಟ್. ವಿಶ್ವವಿದ್ಯಾಲಯದ್ದು.”

“ಹಾಗಾದ್ರೆ ಕರ್ಸು ಅವ್ರನ್ನ. ನಿಂತು ಹೇಳ್ಲಿ. ನಾನೇನು ಹೊಡೀತೀನಾ?”

ಆಮೇಲೆ ಅವರು ಈ ದಡಕ್ಕೆ ಬರಲಿಲ್ಲ. ಉಳಿದವರೂ ಬರಲಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ, ದಾರಿಯಲ್ಲಿ ಸಿಕ್ಕರೆ ತಲೆಬಾಗುತ್ತಾರೆ, ಚಹಾಕ್ಕೆ ಕರೆದರೆ ಹಸುಗಳಿಗೆ ಹೊತ್ತಾಯಿತು ಎನ್ನುತ್ತಾರೆ.

ನಾನು ಬೆಳೆದದ್ದು ದೊಡ್ಡ ನಗರದಲ್ಲಿ, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಈ ಊರಿನ ಆಡುನುಡಿಯಲ್ಲಿ ಹಸುವನ್ನು ಕರೆಯುವುದಕ್ಕೂ ಗಂಡನನ್ನು ಕೇಳಬೇಕು. ಮೊದಲ ನೆರೆ ಎಂದರೇನೆಂದು ನನಗೆ ಮದುವೆಯಲ್ಲಿಯೇ ಅರ್ಥವಾದದ್ದು. ಎಡಗಡೆಯ ಮನೆಯವರು ಮೊದಲ ನೆರೆ. ಮಗು ಹುಟ್ಟಿದರೆ ಸುದ್ದಿ ಹೇಳುವವರು ಅವರು, ಸತ್ತರೆ ಹೆಗಲು ಕೊಡುವವರು ಅವರು, ಮದುವೆಗೆ ಬಾಗಿಲಿಗೆ ಫರ್ ಮರದ ಹಸಿರು ಕೊಂಬೆಯ ಕಮಾನು ಕಟ್ಟಿ ಕಾಗದದ ಗುಲಾಬಿ ಸಿಕ್ಕಿಸುವವರೂ ಅವರೇ. ಮನೆಯವರು ತಾವೇ ಕಟ್ಟಿಕೊಳ್ಳುವಂತಿಲ್ಲ. ನಮ್ಮ ಮೊದಲ ನೆರೆ ಫೋಲ್ಕರ್ಟ್. ಮದುವೆಯ ಹಿಂದಿನ ಸಂಜೆ ಅತ್ತೆ ಒಳ್ಳೆಯ ಮೇಜುಬಟ್ಟೆ ಹಾಸಿ, ಬಟ್ಟಲುಗಳನ್ನು ಸಾಲಾಗಿ ಇಟ್ಟು, ಒಣದ್ರಾಕ್ಷಿಯ ಬ್ರೆಡ್ಡು ಕೊಯ್ದು, ಕಮಾನು ಕಟ್ಟುವವರಿಗಾಗಿ ಕಾದರು. ಚಹಾ ಕರ್ರಗಾಯಿತು. ಯಾರೂ ಬರಲಿಲ್ಲ. ನಾನು ಎಷ್ಟು ಸಂತೋಷದಲ್ಲಿದ್ದೆನೆಂದರೆ, ಮಳೆಯಿಂದ ತಡವಾಗಿರಬೇಕು ಎಂದು ನಗುತ್ತಲೇ ಇದ್ದೆ. ಅತ್ತೆ ಬಟ್ಟಲುಗಳನ್ನು ಮತ್ತೆ ಕಪಾಟಿಗೆ ಇಡುತ್ತ, ನನಗಲ್ಲ, ಗೋಡೆಗೆ ಹೇಳಿದಂತೆ ಹೇಳಿದರು:

“ಮದುವೆಗೆ ಬರ್ದಿದ್ರೆ ಹೋಗ್ಲಿ ಬಿಡು. ನನ್ನನ್ನ ಹೊರೋರು ಯಾರು?”

ಬೆಳಿಗ್ಗೆ ಗೇಟಿನ ಬಳಿ ಫರ್ ಕೊಂಬೆಗಳ ಒಂದು ರಾಶಿ ಇತ್ತು. ಕಡಿದು ತಂದದ್ದು, ಹಸಿಯಾಗಿದೆ, ಕಟ್ಟಿಲ್ಲ. ನಾವು ಅದನ್ನು ದಾಟಿಕೊಂಡು ಚರ್ಚಿಗೆ ಹೋದೆವು. ಮದುವೆಯಾಗಿ ಕೆಲವು ದಿನಕ್ಕೆ ನಾನು ಉಳಿದ ಕೇಕ್ ಹಿಡಿದು ಫೋಲ್ಕರ್ಟ್ ಮನೆಗೆ ಹೋದೆ. ಹೊಸ ಹೆಂಡತಿಗೆ ಇಂಥ ಧೈರ್ಯ ತಾನಾಗಿ ಬರುತ್ತದೆ. ಅವರು ಬಾಗಿಲಲ್ಲೇ ನಿಂತು ಕೇಕನ್ನು ತೆಗೆದುಕೊಂಡರು.

“ಕೊಂಬೆ ತಂದಿಟ್ಟೋನು ನಾನೇ, ಮಗಳೇ. ಕಟ್ಟೋಕೆ ಕೈ ಏಳ್ಲಿಲ್ಲ.”

ನಿಮ್ಮ ಪತ್ರಿಕೆಗೆ ಫೋಟೋ ಬೇಕಿತ್ತಲ್ಲವೇ? ಆ ರಾಶಿಯದನ್ನು ಕಳಿಸುತ್ತೇನೆ. ಈಗ ಎಲೆ ಉದುರಿ ಕೆಂಪಾಗಿದೆ. ಯಾರಿಗೂ ಅದನ್ನು ಎತ್ತಿ ಎಸೆಯಲು ಮನಸ್ಸಾಗಿಲ್ಲ.

ನೀವು ವಿಶ್ವವಿದ್ಯಾಲಯವನ್ನು ಬದಲಿಸಲು ಹೊರಟಿದ್ದೀರಿ ಎಂದು ಓದಿದ್ದೇನೆ. ಸುಸ್ಥಿರತೆಗೆ ಹೊಸ ಕೇಂದ್ರ, ಗಾಜಿನ ಗೋಡೆ, ಮಾಡಿನ ಮೇಲೆ ಹುಲ್ಲು. ವಾರ್ಷಿಕ ವರದಿಯ ಮುಖಪುಟದಲ್ಲಿ ನನ್ನ ಅತ್ತೆ ಬೂಟು ಹಾಕಿಕೊಂಡು ನಗುತ್ತಿದ್ದಾರೆ. ಜ್ಞಾನಶಿಸ್ತುಗಳ ಗೋಡೆ ಒಡೆದಿದ್ದೇವೆ ಎಂದು ಬರೆದಿದೆ. ಒಡೆದಿರಬಹುದು. ಆದರೆ ಮಣ್ಣಿನವರೂ ನೀರಿನವರೂ ಕಲಾವಿದನೂ ಒಂದೇ ಮೇಜಿಗೆ ಕೂತಾಕ್ಷಣ ವಿಶ್ವವಿದ್ಯಾಲಯ ಬದಲಾಗುತ್ತದೆಯೇ? ಮೇಜು ದೊಡ್ಡದಾಗುತ್ತದೆ, ಅಷ್ಟೇ. ನಾಲ್ಕು ಸೆಮಿಸ್ಟರ್ ನಾನು ಸಮುದಾಯದ ನಂಬಿಕೆ ಗಳಿಸುವುದು ಹೇಗೆಂದು ಕಲಿತೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಆ ನಂಬಿಕೆಯನ್ನು ಗಳಿಸಿದ ಮೇಲೆ ಏನು ಮಾಡಬೇಕೆಂಬ ಪಾಠ ಯಾವ ಸೆಮಿಸ್ಟರಿನಲ್ಲಿತ್ತು? ಸಂಶೋಧನೆಗೆ ಮುಗಿಯುವ ದಿನಾಂಕವಿದೆ. ನೀರಿಗೆ ಅದನ್ನು ಯಾರು ತಿಳಿಸಿದರು? ಜೌಗು ಮತ್ತೆ ಬೆಳೆಯುವುದು ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಒಂದು ಗೇಣೂ ಇಲ್ಲ ಎಂದು ನಿಮ್ಮದೇ ತರಗತಿಯಲ್ಲಿ ಕೇಳಿದ್ದೇನೆ. ಅಂಥದ್ದನ್ನು ಕೆಲವೇ ವರ್ಷದ ಯೋಜನೆಗೆ ಕಟ್ಟಿ, ಉಳಿದ ಕಾಲವನ್ನು ನನ್ನ ಅತ್ತೆಯಂಥ ಒಬ್ಬ ವಿಧವೆಯ ಹೆಗಲಿಗೆ ಹಾಕಿ, ಅದಕ್ಕೆ ಸಹಭಾಗಿತ್ವ ಎಂದು ಹೆಸರಿಟ್ಟಿರಿ.

ನಿಮ್ಮ ಕಟ್ಟೆ ಹೋದರೆ ಬರೀ ಒಂದು ಕಟ್ಟೆ ಹೋಗುವುದಿಲ್ಲ. ನೀರು ಏರಿಸಿದ ಮೇಲೆ ನಮ್ಮ ಹೊಲ ಕುಸಿಯುವುದು ನಿಂತಿತ್ತು. ಅದು ನಿಜ, ಊರಿನವರೂ ನೋಡಿದ್ದಾರೆ. ಆದರೆ ಇನ್ನು ಮುಂದೆ ಜೌಗು ಉಳಿಸುವ ಮಾತೆತ್ತಿದವರಿಗೆ ಇಲ್ಲಿ ತೋರಿಸಲು ಇರುವುದು ಆ ಪಡ್ಡೆ ಮಾತ್ರ. ಸರಿಯಾದ ಮಾತನ್ನು ನಾಲ್ಕೂರಿನಲ್ಲಿ ಹೇಳಲಾಗದಂತೆ ಮಾಡಿ ಹೋಗಿದ್ದೀರಿ.

ನಾನು ಕೇಳುವುದು ಹೊಸ ಕೇಂದ್ರವಲ್ಲ, ಸಮಿತಿಯಲ್ಲ, ಇನ್ನೊಂದು ದಪ್ಪ ಕಾಗದವಂತೂ ಅಲ್ಲವೇ ಅಲ್ಲ. ಬರುವ ಶನಿವಾರದ ನಡಿಗೆಗೆ ನೀವೇ ಬರಬೇಕು. ಸಾಲಿನಲ್ಲಿ ಎಲ್ಲರ ಜೊತೆ ನಡೆಯಬೇಕು. ತೇಡಾ ಅವರ ಕಾಲುವೆ ಬಂದಾಗ ಮುಂದೆ ಬಂದು, ಫೋಲ್ಕರ್ಟ್ ಅವರ ಮುಖ ನೋಡಿ, ಈ ಕಟ್ಟೆ ನಮ್ಮದು, ಆ ಪಡ್ಡೆ ಸತ್ತದ್ದು ನಮ್ಮಿಂದ, ಇನ್ನು ಈ ನೀರನ್ನು ನೋಡಿಕೊಳ್ಳುವವರು ಇವರು ಎಂದು ಒಬ್ಬರನ್ನು ತೋರಿಸಬೇಕು. ಆ ಒಬ್ಬರು ಯೋಜನೆ ಮುಗಿದರೂ ಇರುವವರಾಗಿರಬೇಕು. ಬೀಗದ ಕೈಯನ್ನು ಅಲ್ಲೇ, ಎಲ್ಲರ ಎದುರಿಗೆ, ಕೊಡಬೇಕು. ಯಾರೂ ಹೊಡೆಯುವುದಿಲ್ಲ, ಫೋಲ್ಕರ್ಟ್ ಮಾತು ಕೊಟ್ಟಿದ್ದಾರೆ, ಮತ್ತು ಇಲ್ಲಿಯವರು ಮಾತನ್ನು ಅವಧಿ ಹಾಕಿ ಕೊಡುವುದಿಲ್ಲ.

ನಿಮಗೆ ದಾರಿ ಗೊತ್ತಿಲ್ಲದಿರಬಹುದು, ಆದ್ದರಿಂದ ಕರೆದುಕೊಂಡು ಹೋಗಲು ನಾನೇ ಬರುತ್ತಿದ್ದೇನೆ. ಎರಡು ಜೊತೆ ಬೂಟು ತರುತ್ತೇನೆ. ಒಂದು ನನ್ನದು. ಇನ್ನೊಂದು ಅತ್ತೆ ಕಳೆದ ನವೆಂಬರಿನಲ್ಲಿ ನಿಮ್ಮ ಪ್ರಾಧ್ಯಾಪಕರಿಗೆಂದು ತೊಳೆದು, ಬಾಗಿಲ ಬಳಿ ಇಟ್ಟು, ಇನ್ನೂ ತೆಗೆಯದೆ ಇರುವುದು. ಶುಕ್ರವಾರ, ಕರಾವಳಿಯಿಂದ ಬರುವ ಮಧ್ಯಾಹ್ನದ ಪ್ಯಾಸೆಂಜರ್ ರೈಲು. ನಿಮ್ಮ ನಿಲ್ದಾಣದಲ್ಲಿ ಹಿಂದಿನ ಡಬ್ಬಿಯಿಂದ ಇಳಿಯುತ್ತೇನೆ.

ಇಂತಿ,
ನಿಮ್ಮ ಯೋಜನೆ ಇಲ್ಲಿ ಬಿಟ್ಟುಹೋದವುಗಳಲ್ಲಿ ಬೀಗವಿಲ್ಲದ ಒಂದೇ ಒಂದು,
ತೇಡಾ ಅವರ ಸೊಸೆ ಟೋಮ್ಕೆ