ಟೊಮೇಟೊ ಡಬ್ಬಿಯ ಬೀಜ

ಅಪ್ಪಾ,

ನೀವು ತೀರಿಹೋದ ಮೇಲೂ ನಿಮ್ಮ ಮೀನುಗಳು ತಿಂದುಂಡು ಸುಖವಾಗಿವೆ. ತೊಟ್ಟಿಯ ಮೇಲೆ ಕೂತು ಅವುಗಳ ಗಲೀಜು ನೀರನ್ನು ಹೀರಿ ಬೆಳೆಯುತ್ತಿದ್ದ ಗಿಡಗಳೇ ನೋಡಿಕೊಳ್ಳುವವರಿಲ್ಲದೆ ಒಣಗಿಹೋದವು. ಅದಕ್ಕೇ ನೀವು ‘ಟೊಮೇಟೊ’ ಎಂದು ಬರೆದಿಟ್ಟಿದ್ದ ಡಬ್ಬಿಯ ಬೀಜಗಳನ್ನು, ನೀವು ಮಾಡುತ್ತಿದ್ದ ಹಾಗೆಯೇ, ಒದ್ದೆ ಸ್ಪಂಜಿನಲ್ಲಿ ಮೊಳೆಸಿದೆ. ಇವತ್ತು ಸಸಿಗಳನ್ನು ಮೀನಿನ ತೊಟ್ಟಿಯ ಮೇಲೆ ಕೂರಿಸಲು ಹೊರಟಾಗ ಅಮ್ಮ ಎಲೆ ಸವರಿ ನೋಡಿದಳು.

“ಇದು ಬದನೆ ಕಣೋ. ತಿಂದ್ರೆ ನಂಗೆ ಮೈಯೆಲ್ಲಾ ತುರಿಸುತ್ತೆ, ಮನೆಗೆ ತರಬೇಡಿ ಅಂತ ಬಡ್ಕೊಂಡೆ. ಡಬ್ಬಿ ಬದಲಾಯಿಸಿ ಬಚ್ಚಿಟ್ಟಿದ್ದಾರೆ ಮಹಾರಾಯರು.”

ನಿಮ್ಮ ಜೊತೆ ಶಾಮೀಲಾಗಿದ್ದಕ್ಕೆ ಮೀನುಗಳಿಗೂ ಬೈಗುಳ ಬಿತ್ತು. ನಾನು ಸಸಿಗಳನ್ನು ಕಸದ ಬುಟ್ಟಿಗೆ ಹಾಕಲು ಹೋದೆ. ಅಮ್ಮ ಕೈ ಹಿಡಿದಳು.

“ಬೇರು ಮುರೀದ ಹಾಗೆ ನೀರಿಗೆ ಇಳಿಸು. ಕಾಯಿ ಬಿಟ್ರೆ ನಾನೇ ಅಡುಗೆ ಮಾಡ್ತೀನಿ. ಒಂದು ದಿನ ತುರಿಸ್ಕೊಂಡ್ರೆ ಏನಂತೆ.”