ದಪ್ಪ ಅಕ್ಷರದಲ್ಲಿ ಮಾವನ ಪುಸ್ತಕ

ಬೆಳಗೋಡು,
೧೩ ನವೆಂಬರ್ ೨೦೨೪

ಪ್ರೀತಿಯ ಪ್ರದೀಪ್ ಅವರಿಗೆ,

ಹೋದ ಸಲ ಬಂದಾಗ ಇದ್ದ ಕೆಮ್ಮು ವಾಸಿಯಾಯಿತೇ? ಎಡಕುಮೇರಿ ಸ್ಟೇಷನ್ನಿನ ಚಳಿಯಲ್ಲಿ ಮಫ್ಲರ್ ಇಲ್ಲದೆ ಓಡಾಡಬೇಡಿ. ಅಲ್ಲಿ ನಿಮಗೆ ಫೋನ್ ಸಿಗುವುದಿಲ್ಲ, ಸಿಕ್ಕರೂ ಇಷ್ಟನ್ನೆಲ್ಲ ಹೇಳಲು ಆಗುವುದಿಲ್ಲ. ಅದಕ್ಕೇ ಡ್ಯೂಟಿಗೆ ಬರುತ್ತಿರುವ ಸೋಮಯ್ಯನವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಜೊತೆಗಿರುವ ಹುರುಳಿ ಚಟ್ನಿಪುಡಿಯನ್ನು ಅವರಿಗೂ ಕೊಡಿ.

ಮಾವನ ಪುಸ್ತಕದ ವಿಚಾರ ಕೊನೆಗೂ ಒಂದು ತೀರ್ಮಾನಕ್ಕೆ ಬಂತು. ಅವರು ಬರೆಯಲು ಕೂತದ್ದು ಯಾಕೆಂದು ನಿಮಗೆ ಗೊತ್ತು. ಕೆ. ಹೊಸಕೋಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಅವರು ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ಹಣ್ಣು ಕೊಯ್ಯಲು ಹೊರಟಿದ್ದ ಜವರಪ್ಪನನ್ನು ಆನೆ ತುಳಿಯಿತು. ಪೇಪರಿನಲ್ಲಿ ಬಂದದ್ದು ‘ಆನೆ ದಾಳಿ: ಕಾರ್ಮಿಕ ಸಾವು’ ಎಂದಷ್ಟೇ. ಹಾಗೆ ಹೆಸರಿಲ್ಲದೆ ಹೋದವರು ಯಾರು, ಹೇಗೆ ಬದುಕಿದ್ದರು ಎನ್ನುವುದೇ ಪುಸ್ತಕ. ಮಾವ ಹೇಳಿದ್ದನ್ನು ಲೈಬ್ರರಿ ಕೆಲಸ ಮುಗಿಸಿ ಬಂದು ನಾನು ಟೈಪ್ ಮಾಡಿದೆ.

ಮೊದಲು ಬೆಂಗಳೂರಿನ ಒಬ್ಬ ಪ್ರಕಾಶಕರನ್ನು ಕೇಳಿದೆವು. ಒಳ್ಳೆಯವರೇ, ಖರ್ಚೆಲ್ಲ ತಮ್ಮದೇ ಎಂದರು. ಆದರೆ ಓದಿ ಉತ್ತರಿಸಲು ಆರು ತಿಂಗಳು, ಒಪ್ಪಿದರೂ ಸರದಿ ಬರಲು ಇನ್ನೊಂದು ವರ್ಷ. ಅದಕ್ಕೆ ಮಾವ, “ಅಷ್ಟೊತ್ಗೆ ನನ್ ಕಣ್ಣು ಪೂರ್ತಿ ಹೋಗ್ಬುಟ್ಟಿರ್ತೈತೆ ಕಣಮ್ಮ” ಎಂದರು. ಆಮೇಲೆ ಫೋನಿನಲ್ಲಿ ಜಾಹೀರಾತು ನೋಡಿ ಒಂದು ಕಂಪನಿಯವರ ಹತ್ತಿರ ಮಾತಾಡಿದೆ. ದುಡ್ಡು ಕಟ್ಟಿದರೆ ತಿದ್ದುವುದು, ಮುಖಪುಟ, ಬಿಡುಗಡೆ, ಪ್ರಶಸ್ತಿಪತ್ರ ಎಲ್ಲ ಅವರದೇ. ಕರಾರು ಓದಿದರೆ, ಪುಸ್ತಕದ ಹಕ್ಕು ಏಳು ವರ್ಷ ಅವರ ಹತ್ತಿರವೇ ಇರುತ್ತದೆ. ಅಷ್ಟು ಸಾಲದೆ, ಓದುಗರಿಗೆ ಬೇಸರವಾಗುತ್ತದೆ, ಹೆಸರು ಮತ್ತು ಊರುಗಳನ್ನು ಕಡಿಮೆ ಮಾಡಿ ಆನೆಯ ಭಾಗ ಹೆಚ್ಚಿಸಿ ಎಂದರು. ಮಾವನಿಗೆ ಸಿಟ್ಟು ಬರುವುದು ಅಪರೂಪ. ಅವತ್ತು ಬಂತು. “ಹೆಸ್ರು ತೆಗೆದ್ರೆ ಇನ್ನೇನ್ ಉಳಿತೈತೆ?” ಎಂದು ಎದ್ದು ಹೋದರು.

ಮೂರನೆಯದು ಇಂಟರ್ನೆಟ್ಟಿನಲ್ಲಿ ನಾವೇ ಹಾಕುವುದು. ಖರ್ಚಿಲ್ಲ, ಹಕ್ಕೂ ನಮ್ಮದೇ, ಯಾರಾದರೂ ತರಿಸಿದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುತ್ತಾರೆ. ನನಗೆ ಅದೇ ಇಷ್ಟವಾಗಿತ್ತು. ಆದರೆ ನಾನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರಿಂದ ಅಲ್ಲಿ ಹಾಕಿದ ಕೂಡಲೇ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು, ಜವರಪ್ಪನ ಹೆಸರನ್ನೇ ಓದಲಾಗಲಿಲ್ಲ. ಸರಿಮಾಡಬಹುದು, ಮಾಡುತ್ತೇನೆ ಕೂಡ. ಆದರೆ ಜವರಪ್ಪನ ಹೆಂಡತಿ ಪಾರ್ವತಮ್ಮ ಆನ್‌ಲೈನಿನಲ್ಲಿ ಪುಸ್ತಕ ತರಿಸುತ್ತಾರೆಯೇ?

ಹಾಗಾಗಿ ಹಾಸನದ ಪ್ರೆಸ್ಸಿನ ರವಿಚಂದ್ರ ಅವರಿಗೇ ಒಪ್ಪಿಸಿದ್ದೇವೆ. ಅವರು ಅಚ್ಚು ಮಾಡಿಕೊಡುತ್ತಾರೆ ಅಷ್ಟೆ. ಐಎಸ್‌ಬಿಎನ್‌ಗೆ ಅರ್ಜಿ ಹಾಕುವುದು, ತಪ್ಪು ನೋಡುವುದು, ಮಾರುವುದು ಎಲ್ಲ ನಮ್ಮ ತಲೆಮೇಲೆ. ಮಾರಾಟ ಸುಲಭವಲ್ಲ, ಮನೆಯಲ್ಲೇ ಕಟ್ಟು ಬಿದ್ದಿರಬಹುದು ಎಂದು ಅವರೇ ಎಚ್ಚರಿಸಿದರು. ಅದಕ್ಕೇ ಮೊದಲು ಸ್ವಲ್ಪವೇ ಪ್ರತಿ. ಪುಟ ಹೆಚ್ಚಾದರೂ ಸರಿ ಎಂದು ಅಕ್ಷರ ದಪ್ಪಗೆ ಹಾಕಿಸಿದ್ದೇನೆ. ಮಾವ ಬಾಯಿಬಿಟ್ಟು ಕೇಳಲಿಲ್ಲ, ನನಗೇ ಅನ್ನಿಸಿತು.

ಊಟ ತಪ್ಪಿಸಬೇಡಿ. ನಿಮ್ಮ ಕ್ವಾರ್ಟರ್ಸಿನ ಪಕ್ಕದವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಮಾವ ಆಶೀರ್ವಾದ ಹೇಳಿದ್ದಾರೆ.

ನಿಮ್ಮ,
ಸೌಜನ್ಯ

ಮರೆತ ಮಾತು: ಸೋಮಯ್ಯನವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಕರಡು ಪುಟಗಳು ಬಂದವು. ಅಷ್ಟು ದಪ್ಪ ಅಕ್ಷರವೂ ಮಾವನಿಗೆ ಕಾಣಲಿಲ್ಲ. ನಾನೇ ಓದಿ ಹೇಳಿದೆ. ಅತ್ತೆಯವರನ್ನು ಆನೆ ಕೊಂದ ದಿನದ ಅಧ್ಯಾಯ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು. “ಇದ್ನ ಪ್ರದೀಪ ಓದ್ಲಿ. ಅವತ್ತು ಅವ್ನೂ ಜೊತೇಲಿದ್ದ. ಅಚ್ಚಾಗ್ಲೋ ಬೇಡ್ವೋ ಅವ್ನೇ ಹೇಳ್ಲಿ” ಎಂದರು. ನೀವು ಅದರ ಬಗ್ಗೆ ನನ್ನ ಹತ್ತಿರವೂ ಮಾತಾಡಿದವರಲ್ಲ, ಗೊತ್ತು. ಪ್ರೆಸ್ಸಿನವರಿಗೆ ಕಾಯಲು ಹೇಳಿದ್ದೇನೆ. ರಜೆ ಹಾಕಿ ಬನ್ನಿ.