ಹುಳುಗಳಿಗೆ ರಜೆ ಇಲ್ಲ, ನಿರ್ದೇಶಕರೇ

ಮಾನ್ಯ ನಿರ್ದೇಶಕರೇ,

ನಿಮ್ಮ ಕಡತಗಳ ಪ್ರಕಾರ ಕಳೆದ ಶುಕ್ರವಾರ ನಾನು ನಿಮ್ಮ ಸಂಸ್ಥೆಯವಳೇ ಅಲ್ಲ. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆ ಸಂಶೋಧಕರನ್ನೆಲ್ಲ ಒಟ್ಟಿಗೆ ಒಂದು ದಿನ ತೆಗೆದುಹಾಕಿ ಮತ್ತೆ ಸೇರಿಸಿಕೊಳ್ಳುತ್ತೀರಿ. ಹೆಸರು ‘ಸೇವಾ ವಿರಾಮ’. ಉದ್ದೇಶ, ಸತತ ಸೇವೆಯ ಲೆಕ್ಕ ತೋರಿಸಿ ನಾವ್ಯಾರೂ ಕಾಯಂ ಕೆಲಸ ಕೇಳದಿರಲಿ ಎಂಬುದು. ಆ ಘನಕಾರ್ಯ ಈ ಸಲ ನನ್ನ ಐದು ವರ್ಷದ ದುಡಿಮೆಯನ್ನು ನುಂಗಿತು.

ಕೀಟನಾಶಕಕ್ಕೂ ಜಗ್ಗದ ಹುಳುಗಳನ್ನು ಪ್ರಯೋಗಾಲಯದಲ್ಲಿ ನಲವತ್ತು ತಲೆಮಾರು ಸಾಕಿದವಳು ನಾನು. ಅವಕ್ಕೆ ದಿನವೂ ಹೊಸ ಎಲೆ ಬೇಕು. ಹೆಚ್ಚು ಹಾಕಿಟ್ಟರೆ ಬೂಷ್ಟು ಹಿಡಿಯುತ್ತದೆ. ಇದನ್ನು ನಿಮಗೆ ವಿವರಿಸಬೇಕೆ? ಈ ಕುರ್ಚಿ ಏರುವ ಮುಂಚೆ ನನ್ನ ಕೈಗೆ ಮರಿಹುಳು ಎತ್ತುವ ಕುಂಚ ಕೊಟ್ಟು, “ಹುಳುಗಳಿಗೆ ರಜೆ ಇಲ್ಲಮ್ಮ” ಎಂದು ಕಲಿಸಿದ ಗುರು ನೀವೇ ಅಲ್ಲವೆ? ವಿರಾಮದ ಹಿಂದಿನ ಸಂಜೆ, ನಾಳೆ ಬಾಗಿಲು ತೆರೆಯುತ್ತದೆಯೇ ಎಂದು ಕೇಳಿದಾಗಲೂ, “ನಿನ್ನ ಕಾರ್ಡ್ ಕೆಲಸ ಮಾಡುತ್ತೆ, ನಾನು ಹೇಳಿರ್ತೀನಿ, ಹೋಗು” ಎಂದಿರಿ. ಹಿಂದಿನ ವಿರಾಮಗಳಲ್ಲಿ ಕಾರ್ಡ್ ಕೆಲಸ ಮಾಡಿತ್ತು, ನಂಬಿ ಒಂದೇ ದಿನದ ಎಲೆ ಹಾಕಿ ಹೊರಟೆ. ತಪ್ಪು ನನ್ನದೇ.

ಬೆಳಿಗ್ಗೆ ಎಲೆಯ ಚೀಲ ಹಿಡಿದು ಬಂದು ಕಾರ್ಡ್ ತೋರಿಸಿದರೆ ಬಾಗಿಲಲ್ಲಿ ಕೆಂಪು ದೀಪ. “ಪಟ್ಟಿಯಲ್ಲಿ ನಿಮ್ ಹೆಸರೇ ಇಲ್ಲ ಮೇಡಂ, ನಾನೇನ್ ಮಾಡ್ಲಿ ಹೇಳಿ?” ಎಂದ ಕಾವಲುಗಾರ, ಪಾಪ, ಎಲೆ ಬಾಡದಿರಲೆಂದು ತನ್ನ ಬಕೆಟ್ಟಿನ ನೀರಲ್ಲಿ ಇಟ್ಟುಕೊಂಡ. ನಿಮಗೆ ಏಳು ಸಲ ಫೋನ್ ಮಾಡಿದೆ. ಸಂಜೆ ಸಂದೇಶ ಬಂತು: “ಒಂದು ದಿನ ತಾನೆ? ರೆಸ್ಟ್ ತಗೋ.” ಮನೆಯಲ್ಲಿ ಅಮ್ಮ ಕೇಳಿದಳು, “ಡಾಕ್ಟರ್ ಆದ್ಮೇಲೂ ಗೇಟ್ ಒಳಗೆ ಬಿಡಲ್ವೇನೇ?”

ಶನಿವಾರ, ಭಾನುವಾರ ಕಚೇರಿಗೆ ರಜೆ. ಸೋಮವಾರ ಮರುನೇಮಕಕ್ಕೆ ನಿಮ್ಮ ಸಹಿ ಬಿದ್ದು ಬಾಗಿಲು ತೆರೆಯುವಷ್ಟರಲ್ಲಿ ಹಸಿದ ಹುಳುಗಳು ಒಂದನ್ನೊಂದು ತಿಂದಿದ್ದವು. ಪೆಟ್ಟಿಗೆಗೆ ಒಂದೋ ಎರಡೋ ಉಳಿದಿದ್ದವು. ಎಲೆ ಹಾಕಿದರೂ ಮರುದಿನ ಅವೂ ಸತ್ತವು. ಅದೇ ದಿನ ನಿಮ್ಮ ವಾರ್ಷಿಕ ವರದಿ ಹೊರಬಂತು. ಮುಖಪುಟದಲ್ಲಿ ಅವೇ ಹುಳುಗಳು, ಕೆಳಗೆ ‘ನಮ್ಮ ಹೆಮ್ಮೆ’! ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ ಏನು? ನಿಯಮ ಯಾರೋ ಮಾಡಿದ್ದಿರಬಹುದು. ನನಗೆ ಮೋಸ ಮಾಡಿದ್ದು ನೀವು, ಸರ್.

ನನ್ನ ಹುಳುಗಳನ್ನು ನೀವು ತಂದುಕೊಡಲಾರಿರಿ. ಈ ವಿರಾಮವನ್ನು ಎಲ್ಲ ಗುತ್ತಿಗೆ ಸಂಶೋಧಕರಿಗೂ ಈ ತಿಂಗಳೊಳಗೆ, ಲಿಖಿತವಾಗಿ ರದ್ದು ಮಾಡಿ. ಬಾಯಿಮಾತು ಸಾಕಾಗಿದೆ. ಆಗದೆಂದರೆ, ಮುಂದಿನ ವಿರಾಮದ ದಿನ ನೀವೇ ಬಂದು ಎಲ್ಲರ ಪೆಟ್ಟಿಗೆಗೂ ಎಲೆ ಹಾಕಿ. ನಿಮ್ಮ ಕಾರ್ಡಿಗೆ ಬಾಗಿಲು ತೆರೆಯುತ್ತದೆ. ಕುಂಚ ಹಿಡಿಯುವುದು ಮರೆತಿದ್ದರೆ ಗೇಟಿನ ಹೊರಗೆ ನಿಂತು ಹೇಳಿಕೊಡುತ್ತೇನೆ, ಕಲಿಸಿದವರು ನೀವೇ.

ಇಂತಿ,
ಆ ಕೆಂಪು ದೀಪ ಹತ್ತುವವರೆಗೂ ನಿಮ್ಮ ಶಿಷ್ಯೆಯಾಗಿದ್ದವಳು